ಶೋಕೇಸಿನಲ್ಲಿರುವ ಸಿಡಿಗಳನ್ನು ಮತ್ತೆ ಕೇಳೋಕೆ ಏನೇನು ಬೇಕು

ಮೊದಲು ಅಂಗಡಿಗೆ ಹೋಗಬೇಡಿ. ಆನ್‌ಲೈನ್‌ನಲ್ಲೂ ಹುಡುಕಬೇಡಿ. ಮನೆಯಲ್ಲಿರುವ ಸಿಡಿಗಳನ್ನೆಲ್ಲ ಹೊರಗೆ ತೆಗೆದು, ಒಂದು ಚಾಪೆ ಹಾಸಿ, ಅದರ ಮೇಲೆ ಹರಡಿಕೊಂಡು ಕೂತುಕೊಳ್ಳಿ. ಯಾಕೆ ಅಂದರೆ ನಾವು ಸಿಡಿ ಅಂತ ಒಂದೇ ಹೆಸರಿನಲ್ಲಿ ಕರೆಯುವ ತಟ್ಟೆಗಳಲ್ಲಿ ನಾಲ್ಕೈದು ಥರ ಇವೆ. ಅದರಲ್ಲಿ ಯಾವುದು ನಿಮ್ಮಲ್ಲಿ ಜಾಸ್ತಿ ಇದೆ ಅನ್ನೋದು ಗೊತ್ತಾಗದೆ ಪ್ಲೇಯರ್ ಕೊಂಡರೆ ದುಡ್ಡು ದಂಡ.

ನಮ್ಮ ಮನೆ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಅಪ್ಪ ಸಂಬಳ ಬಂದಾಗಲೆಲ್ಲ ಸಯ್ಯಾಜಿರಾವ್ ರಸ್ತೆಗೆ ಹೋಗಿ ಒಂದೋ ಎರಡೋ ಸಿಡಿ ತರುತ್ತಿದ್ದರು. ಹಾಗೆ ಕೂಡಿದ್ದು 300ಕ್ಕೂ ಜಾಸ್ತಿ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಚೌಡಯ್ಯನವರ ಪಿಟೀಲು, ಮೈಸೂರು ಅನಂತಸ್ವಾಮಿ ಅವರ ಭಾವಗೀತೆ, ದಾಸರ ಪದ, ಹಳೇ ಸಿನಿಮಾ ಹಾಡು, ಹೀಗೆ. ಹಳೇ ಡೆಕ್ ಕೆಟ್ಟ ಮೇಲೆ ಹತ್ತು ವರ್ಷ ಅವು ಶೋಕೇಸಿನ ಕೆಳಗಿನ ಖಾನೆಯಲ್ಲೇ ಇದ್ದವು. ಅಪ್ಪನಿಗೆ ಫೋನಿನಲ್ಲಿ ಹಾಡು ಹುಡುಕಿ ಹಾಕುವುದು ಒಗ್ಗಲಿಲ್ಲ. ಒಂದು ಕೃತಿ ಮುಗಿಯುವ ಮೊದಲೇ ಜಾಹೀರಾತು ಬಂದರೆ ಅವರಿಗೆ ಇಡೀ ದಿನ ಬೇಸರ. ಆದ್ದರಿಂದ ಕಳೆದೆರಡು ವರ್ಷದಲ್ಲಿ ಒಂದೊಂದಾಗಿ ಸಾಮಾನು ತಂದು ಜೋಡಿಸಿದೆ. ಆಮೇಲೆ ಮಂಡ್ಯದಲ್ಲಿರುವ ಚಿಕ್ಕಮ್ಮನ ಮನೆಗೂ ಇನ್ನೊಂದು ಸೆಟ್ ಮಾಡಿಕೊಟ್ಟೆ. ಇಲ್ಲಿ ಬರೆಯುತ್ತಿರುವುದೆಲ್ಲ ಆ ಎರಡು ಮನೆಗಳಲ್ಲಿ ಕಲಿತದ್ದು.

ಸಿಡಿ ವಿಂಗಡಿಸುವುದು ಹೇಗೆ

ಅಸಲು ಆಡಿಯೋ ಸಿಡಿಯ ಮೇಲೆ ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ ಅನ್ನುವ ಗುರುತು ಇರುತ್ತದೆ. ಹಾಡುಗಳು ಎಂಟೋ ಹತ್ತೋ ಹದಿನೈದೋ, ಒಟ್ಟು ಸಮಯ 74 ನಿಮಿಷ, ತುಂಬ ಅಂದರೆ 80. ಫಿಲಿಪ್ಸ್ ಮತ್ತು ಸೋನಿ ಸೇರಿ ಮಾಡಿದ ಈ ತಟ್ಟೆ 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅಳತೆ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟಿರುತ್ತಾರೆ. ಆವತ್ತು ಬಂದ ತಟ್ಟೆಗೂ ಈಗ ಬರುವ ತಟ್ಟೆಗೂ ಈ ಲೆಕ್ಕದಲ್ಲಿ ಏನೂ ವ್ಯತ್ಯಾಸ ಇಲ್ಲ. ಯಾವ ಸಿಡಿ ಪ್ಲೇಯರಿನಲ್ಲಾದರೂ ಅದು ಹಾಡಬೇಕು.

ಎಂಪಿ3 ಸಿಡಿ ಬೇರೆ. 'ಒಂದೇ ಸಿಡಿಯಲ್ಲಿ 100 ಹಾಡು' ಅಂತ ಬರೆದು ಮಾರುತ್ತಿದ್ದರಲ್ಲ, ಅದು. ಅದು ಎಂಪಿ3 ಓದಬಲ್ಲ ಪ್ಲೇಯರಿನಲ್ಲಿ ಮಾತ್ರ ಹಾಡುತ್ತದೆ. ಹಳೇ ಒಳ್ಳೆಯ ಡೆಕ್‌ಗಳಲ್ಲಿ ಎಷ್ಟೋ ಇದನ್ನು ಓದುವುದಿಲ್ಲ. ವಿಸಿಡಿ ಇನ್ನೊಂದು, ಅದರಲ್ಲಿ ಚಿತ್ರವೂ ಇರುತ್ತದೆ, ಹರಿಕಥೆ, ನಾಟಕ, ಸಿನಿಮಾ ಹಾಡು ಎಲ್ಲ ಅದರಲ್ಲಿ ಬಂದಿವೆ. ಸಿಡಿ ಪ್ಲೇಯರಿಗೆ ಅದು ಬೇಡ, ಡಿವಿಡಿ ಪ್ಲೇಯರಿಗೆ ಹಾಕಿ. ಕೊನೆಗೆ ಮನೆಯಲ್ಲೋ ಅಂಗಡಿಯಲ್ಲೋ ಬರೆಸಿಕೊಂಡದ್ದು. ತಿರುಗಿಸಿ ನೋಡಿ, ಕೆಳಗಿನ ಮೈ ಬೆಳ್ಳಿಯ ಬಣ್ಣದ ಬದಲು ತಿಳಿ ಹಸಿರು ಅಥವಾ ನೀಲಿ ಛಾಯೆಯಲ್ಲಿದ್ದರೆ ಅದು ಬರೆದ ಸಿಡಿ. ಅದರಲ್ಲಿ ಹಾಡು ನಿಂತಿರುವುದು ಒಂದು ಬಣ್ಣದ ಪದರದ ಮೇಲೆ, ಬಿಸಿಲು ಬಿದ್ದರೆ ಆ ಬಣ್ಣ ಕೆಡುತ್ತದೆ. ಮದುವೆ ಮನೆಯ ನಾದಸ್ವರ, ಅಜ್ಜಿಯ ಹಾಡು ಅಂತ ಬೇರೆಲ್ಲೂ ಸಿಗದ್ದು ಇಂಥದ್ದರಲ್ಲಿ ಇದ್ದರೆ ಪ್ಲೇಯರ್ ಯೋಚನೆ ಬದಿಗಿಟ್ಟು ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇದು ನಾಳೆಗೆ ಬಿಡುವ ಕೆಲಸ ಅಲ್ಲ.

ನಮ್ಮ ಮನೆಯಲ್ಲಿ ವಿಂಗಡಿಸಿದಾಗ ಆಡಿಯೋ ಸಿಡಿ ಮುಕ್ಕಾಲು ಪಾಲು ಇತ್ತು. ಚಿಕ್ಕಮ್ಮನ ಮನೆಯಲ್ಲಿ ಉಲ್ಟಾ, ಎಂಪಿ3 ಮತ್ತು ವಿಸಿಡಿಯೇ ಜಾಸ್ತಿ. ಇಷ್ಟು ಗೊತ್ತಾದದ್ದೇ ಎರಡೂ ಮನೆಗೆ ಬೇರೆ ಬೇರೆ ಯಂತ್ರ ಬೇಕು ಅನ್ನುವುದು ನಿರ್ಧಾರವಾಯಿತು.

ಇನ್ನೊಂದು ಪ್ರಶ್ನೆ, ಯಾರು ಹಾಕುತ್ತಾರೆ? ಕೇಳುವವರು ವಯಸ್ಸಾದವರಾದರೆ ಮುಂಭಾಗದಲ್ಲಿ ದೊಡ್ಡ ಬಟನ್, ಹಾಡಿನ ನಂಬರ್ ಕಾಣುವ ಡಿಸ್ಪ್ಲೇ, ಕೈಗೆ ಸಿಗುವ ವಾಲ್ಯೂಮ್ ತಿರುಗಣೆ ಇರಲೇಬೇಕು. ಅಪ್ಪನ ಬೆರಳು ಈಗ ಸ್ವಲ್ಪ ನಡುಗುತ್ತದೆ. ಟಚ್ ಬಟನ್ ಇರುವ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಆಗುವುದಿಲ್ಲ ಅಂತ ಅಂಗಡಿಯಲ್ಲೇ ಬಿಟ್ಟು ಬಂದೆ.

ಪ್ಲೇಯರ್

ಅತಿ ಕಡಿಮೆ ಖರ್ಚಿನ ದಾರಿ ಮನೆಯಲ್ಲಿ ಬಿದ್ದಿರುವ ಡಿವಿಡಿ ಪ್ಲೇಯರ್. ಆಡಿಯೋ ಸಿಡಿ, ವಿಸಿಡಿ ಎರಡನ್ನೂ ಓದುತ್ತದೆ, ಎಂಪಿ3ಯನ್ನೂ ಬಹಳಷ್ಟು ಪ್ಲೇಯರ್‌ಗಳು ಓದುತ್ತವೆ. ಹಿಂದೆ ಕೆಂಪು ಮತ್ತು ಬಿಳಿ ಆಡಿಯೋ ತೂತುಗಳು ಇವೆಯಾ ನೋಡಿ, ಇದ್ದರೆ ಕೆಲಸ ಆದಂತೆಯೇ. ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಪ್ಲೇಯರಿನಿಂದ ಪ್ಲೇಯರಿಗೆ ಧ್ವನಿಯಲ್ಲಿ ಇರುವ ವ್ಯತ್ಯಾಸ ಸ್ಪೀಕರಿನಿಂದ ಸ್ಪೀಕರಿಗೆ ಇರುವ ವ್ಯತ್ಯಾಸದ ಮುಂದೆ ತೀರಾ ಸಣ್ಣದು, ಇದನ್ನು ನಾನೇ ಒಂದೇ ಆಂಪಿಗೆ (ಪ್ಲೇಯರಿನ ಸಿಗ್ನಲ್ ಬಲಪಡಿಸಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್) ಎರಡು ಪ್ಲೇಯರ್ ಹಾಕಿ, ಒಂದೇ ಸಿಡಿಯ ಎರಡು ಪ್ರತಿ ಇಟ್ಟುಕೊಂಡು, ಬದಲಾಯಿಸಿ ಬದಲಾಯಿಸಿ ಕೇಳಿ ನೋಡಿದ್ದೇನೆ. ಡಿವಿಡಿ ಪ್ಲೇಯರಿನ ತೊಂದರೆ ಬೇರೆ. ಎಷ್ಟೋ ಪ್ಲೇಯರ್‌ಗಳಲ್ಲಿ ಡಿಸ್ಪ್ಲೇ ಇಲ್ಲ. ಎಂಪಿ3 ಸಿಡಿಯಲ್ಲಿ ಹಾಡು ಆರಿಸಬೇಕಾದರೆ ಟಿವಿ ಹಾಕಲೇಬೇಕು. ಚಿಕ್ಕಮ್ಮನಿಗೆ ಇದು ತೊಂದರೆ ಅನ್ನಿಸಲಿಲ್ಲ, ಅವರ ಟಿವಿ ಹೇಗೂ ಓಡುತ್ತಲೇ ಇರುತ್ತದೆ. ಅಪ್ಪನಿಗೆ ಮಾತ್ರ ಟಿವಿ ಹಾಕಿ ವೀಣೆ ಕೇಳು ಅಂದರೆ ಸಿಟ್ಟೇ ಬರುತ್ತದೆ.

ಹೊಸದೇ ಬೇಕು ಅಂದರೆ ಯಮಾಹ ಸಿಡಿ-ಎಸ್303, ಡೆನಾನ್ ಡಿಸಿಡಿ-600ಎನ್‌ಇ, ಮಾರಾಂಟ್ಸ್ ಸಿಡಿ6007 ಇಂಥ ಮಾದರಿಗಳನ್ನು ನೋಡಬಹುದು. ಮಾರಾಂಟ್ಸ್‌ನಲ್ಲಿ ಹೆಡ್‌ಫೋನ್ ಹಾಕುವ ತೂತೂ ಇದೆ, ರಾತ್ರಿ ಒಬ್ಬರೇ ಕೇಳುವವರಿಗೆ ಅನುಕೂಲ. ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಅಂಗಡಿಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ, ಆಡಿಯೋ ಸಾಮಾನನ್ನೇ ಮಾರುವವರಲ್ಲಿ ಕೇಳಿ ತರಿಸಬೇಕು. ಭಾರತದ ವಾರಂಟಿ ಇದೆಯಾ ಅಂತ ಬರಹದಲ್ಲಿ ಪಡೆಯಿರಿ. ಇದಕ್ಕಿಂತ ದುಬಾರಿ ಪ್ಲೇಯರ್ ಕೊಳ್ಳುವ ದುಡ್ಡಿದ್ದರೆ ಅದನ್ನು ಸ್ಪೀಕರಿಗೆ ಹಾಕಿ ಅಂತಲೇ ನಾನು ಹೇಳುವುದು.

ಹಳೇ ಡೆಕ್ ಕೊಳ್ಳುವುದು ಮೂರನೇ ದಾರಿ. ನಾನು ಹಿಡಿದದ್ದು ಇದನ್ನೇ. ಇಲ್ಲಿ ಜೋಪಾನ ಬೇಕು. ಮೊದಲನೇ ಸಲ ಬೆಂಗಳೂರಿನ ಒಬ್ಬರಿಂದ ಜಪಾನಿನ ಪ್ಲೇಯರ್ ತಂದೆ, ನೋಡೋಕೆ ಹೊಸದರ ಹಾಗಿತ್ತು. ಮನೆಗೆ ತಂದು ಪ್ಲಗ್ ಹಾಕಿದ ಕೂಡಲೇ ಸುಟ್ಟ ವಾಸನೆ ಬಂತು. ಅದು ಜಪಾನಿನಲ್ಲೇ ಬಳಸಲು ಮಾಡಿದ್ದು, ಅಲ್ಲಿನ ಕರೆಂಟು 100 ವೋಲ್ಟ್, ನಮ್ಮದು 230. ಮಾರಿದವರು ಹೇಳಲಿಲ್ಲ. ಅಮೆರಿಕದ್ದು 120 ವೋಲ್ಟ್. ಆದ್ದರಿಂದ ಹಳೇ ಯಂತ್ರ ಯಾವುದೇ ಇರಲಿ, ಹಿಂದಿನ ಚೀಟಿಯಲ್ಲಿ ಎಷ್ಟು ವೋಲ್ಟ್ ಅಂತ ಓದದೆ ಪ್ಲಗ್ ಮುಟ್ಟಬೇಡಿ. 100 ಅಥವಾ 120 ಇದ್ದರೆ ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಹಳೇ ಪ್ಲೇಯರ್ ನೋಡಲು ಹೋಗುವಾಗ ಮನೆಯಿಂದ ಮೂರು ಸಿಡಿ ತೆಗೆದುಕೊಂಡು ಹೋಗಿ. ಒಂದು 70 ನಿಮಿಷ ದಾಟಿದ್ದು, ಒಂದು ಗೀರು ಬಿದ್ದದ್ದು, ಒಂದು ಬರೆದ ಸಿಡಿ. ಉದ್ದದ ಸಿಡಿಯಲ್ಲಿ ನೇರ ಕೊನೇ ಹಾಡಿಗೆ ಹೋಗಿ. ಎಲ್‌ಪಿ ತಟ್ಟೆ ಹೊರಗಿನಿಂದ ಒಳಕ್ಕೆ ಹಾಡಿದರೆ ಸಿಡಿ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಷ್ಟರಲ್ಲಿ ಸುಮಾರು 200. ಸಿಡಿ ಓದುವ ಲೇಸರ್ ಲೆನ್ಸ್ ಜಾರುವ ದಾರಿಯಲ್ಲಿ ಗ್ರೀಸ್ ಒಣಗಿದ್ದರೆ ತೊಂದರೆ ಮೊದಲ ಹಾಡಿನಲ್ಲಿ ಕಾಣುವುದಿಲ್ಲ, ಕೊನೇ ಹಾಡಿನಲ್ಲಿ ತೊದಲುತ್ತದೆ. ಬರೆದ ಸಿಡಿ ಓದಿದರೆ ಲೇಸರ್‌ನಲ್ಲಿ ಇನ್ನೂ ಜೀವ ಇದೆ ಅಂತ ಧೈರ್ಯ. ಟ್ರೇಯನ್ನು ಹತ್ತು ಸಲ ತೆಗೆದು ಹಾಕಿ. ತಡವರಿಸಿದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದೆ, ಅದು ಸಣ್ಣ ರಿಪೇರಿ, ಅಷ್ಟಕ್ಕೇ ಬೇಡ ಅನ್ನಬೇಡಿ. ಲೆನ್ಸ್ ಹೋಗಿದ್ದರೆ ಮಾತ್ರ ಆ ಮಾದರಿಗೆ ಲೆನ್ಸ್ ಸಿಗುತ್ತದಾ ಅಂತ ಮೊದಲೇ ವಿಚಾರಿಸಬೇಕು. ಸೋನಿಯ ಕೆಎಸ್‌ಎಸ್-213 ಅನ್ನುವ ಲೆನ್ಸ್ ತುಂಬ ಕಂಪನಿಗಳ ಪ್ಲೇಯರಿನಲ್ಲಿ ಇದೆ, ಅದಕ್ಕೆ ಬದಲಿ ಈಗಲೂ ಸಿಗುತ್ತದೆ. ನಮ್ಮ ಊರಿನ ರಿಪೇರಿಯವರ ಹತ್ತಿರ ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿ ನೋಡಿ.

ಸಿಡಿ, ರೇಡಿಯೋ, ಸ್ಪೀಕರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಸಣ್ಣ ಸೆಟ್ಟುಗಳೂ ಇವೆ. ಅಡುಗೆಮನೆಗೆ, ಮಲಗುವ ಕೋಣೆಗೆ ಸಾಕು.

ಸ್ಪೀಕರ್, ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಒಟ್ಟು ದುಡ್ಡಿನಲ್ಲಿ ಅರ್ಧ ಸ್ಪೀಕರಿಗೆ ಇಡಿ. ಸಿಡಿಯೊಳಗೆ ಇರುವುದನ್ನು ನಿಮ್ಮ ಕಿವಿಗೆ ಮುಟ್ಟಿಸುವುದು ಕೊನೆಗೆ ಅದೇ ಅಲ್ವಾ.

ಟಿವಿ ಪಕ್ಕದಲ್ಲಿ ಇಡುವ ಐದಾರು ಸ್ಪೀಕರಿನ 5.1 ಸೆಟ್ಟು, ಕೆಳಸ್ವರಕ್ಕೇ ಅಂತ ಬೇರೆ ದೊಡ್ಡ ಸಬ್‌ವೂಫರ್ ಇರುವ 2.1 ಸೆಟ್ಟು ಸಿನಿಮಾಗೆ ಸರಿ. ಸಂಗೀತಕ್ಕೆ ಎರಡೇ ಒಳ್ಳೆಯ ಸ್ಪೀಕರ್ ಸಾಕು, ಎರಡೇ ಚೆಂದ. ಸಿಡಿಯಲ್ಲಿ ಇರುವುದೇ ಎಡ, ಬಲ ಅಂತ ಎರಡು ದಾರಿ. ಅಗ್ಗದ ಸಬ್‌ವೂಫರಿನಲ್ಲಿ ಮೃದಂಗ ಕೇಳಿ ನೋಡಿ, ಎಡಗಡೆಯ ತೊಪ್ಪಿಯಲ್ಲಿ ಕೈ ಒತ್ತಿ ಜಾರಿಸುವ ಗುಮ್ಕಿ ಮಾಯವಾಗಿ ಸುಮ್ನೆ ಧಬ್ ಧಬ್ ಅಂತ ಒಂದೇ ಸದ್ದು ಉಳಿಯುತ್ತದೆ.

ಸ್ಪೀಕರ್ ಕೇಳಲು ಹೋಗುವಾಗ ಅಂಗಡಿಯವರು ಹಾಕುವ ಡೆಮೋ ಹಾಡು ಕೇಳಬೇಡಿ. ನಿಮಗೆ ಬಾಯಿಪಾಠ ಆಗಿರುವ ನಿಮ್ಮದೇ ಸಿಡಿ ಒಯ್ಯಿರಿ. ನಾನು ಒಯ್ಯುವುದು ಒಂದು ವೀಣೆ ಸಿಡಿ, ಒಂದು ಹಾಡುಗಾರಿಕೆಯ ಕಚೇರಿ. ಹಾಡು ಶುರುವಾಗುವ ಮುಂಚೆ ತಂಬೂರಿ ಒಂದೇ ಕೇಳುವ ಜಾಗ ಇರುತ್ತದಲ್ಲ, ಅಲ್ಲಿ ಗಮನ ಇಡಿ. ಒಳ್ಳೆಯ ಸ್ಪೀಕರಿನಲ್ಲಿ ನಾಲ್ಕು ತಂತಿ ಒಂದಾದ ಮೇಲೊಂದು ಮೀಟುವುದು ಬೇರೆ ಬೇರೆಯಾಗಿ ಗೊತ್ತಾಗುತ್ತದೆ, ಕಳಪೆಯದರಲ್ಲಿ ಒಂದು ಮಬ್ಬು ಗುಂಯ್ ಅನ್ನುವ ನಾದ ಅಷ್ಟೇ. ವೀಣೆಯಲ್ಲಿ ಮೀಟಿದ ಮೇಲೆ ತಂತಿ ಎಳೆದು ತೆಗೆಯುವ ಗಮಕ ಕೊನೆಯವರೆಗೂ ಕೇಳಬೇಕು, ಧ್ವನಿ ಸಣ್ಣಗಾಗುತ್ತಾ ಹೋದರೂ ಸ್ವರ ಎಲ್ಲಿ ನಿಂತಿತು ಅಂತ ಗೊತ್ತಾಗಬೇಕು. ಹಾಡುಗಾರರ 'ಸ', 'ಶ' ಅಕ್ಷರಗಳು ಕಿವಿಗೆ ಚುಚ್ಚಿದರೆ ಆ ಸ್ಪೀಕರ್ ಬೇಡ. ಅಂಗಡಿಯಲ್ಲಿ ಐದು ನಿಮಿಷಕ್ಕೆ ಅದು ಚುರುಕು ಅನ್ನಿಸುತ್ತದೆ, ಮನೆಯಲ್ಲಿ ಒಂದು ಗಂಟೆ ಕೇಳಿದರೆ ತಲೆನೋವು.

ಕಾಗದದ ಮೇಲೆ ನೋಡಬೇಕಾದದ್ದು ಎರಡು. ಒಂದು ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದು 8 ಅಥವಾ 6 ಇದ್ದರೆ ಹೆಚ್ಚಿನ ಆಂಪ್‌ಗಳಿಗೆ ಹೊಂದುತ್ತದೆ, 4 ಇದ್ದರೆ ಆಂಪಿನ ಹಿಂದೆ 4 ಆಗಬಹುದು ಅಂತ ಬರೆದಿರಬೇಕು. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದು, 86, 88, 90 ಡೆಸಿಬೆಲ್ ಅಂತ ಇರುತ್ತದೆ. 3 ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಜೋರು ಬರಿಸೋಕೆ ಆಂಪ್ ಎರಡರಷ್ಟು ದುಡಿಯಬೇಕು. ಸಣ್ಣ ಆಂಪ್ ಇದ್ದರೆ ಈ ಅಂಕಿ ಜಾಸ್ತಿ ಇರುವ ಸ್ಪೀಕರ್ ತಗೊಳ್ಳಿ.

ಹಳೇ ಸ್ಪೀಕರ್ ಆದರೆ ಜಾಲರಿ ತೆಗೆದು ಕೆಳಸ್ವರ ಕೊಡುವ ದೊಡ್ಡ ಕೋನಿನ, ಅಂದರೆ ವೂಫರಿನ, ಸುತ್ತಲಿನ ಅಂಚು ನೋಡಿ. ಫೋಮ್ ಅಂಚು 15-20 ವರ್ಷಕ್ಕೆ ಪುಡಿಪುಡಿಯಾಗುತ್ತದೆ, ಬೆರಳು ಮುಟ್ಟಿದರೆ ಅಂಟಿಕೊಳ್ಳುತ್ತದೆ. ರಬ್ಬರ್ ಅಂಚು ಬಹಳ ವರ್ಷ ಬಾಳುತ್ತದೆ. ಫೋಮ್ ಬದಲಾಯಿಸಬಹುದು, ಆದರೆ ಬೆಲೆ ಮಾತಾಡುವಾಗ ಅದನ್ನು ಹೇಳಿ ಇಳಿಸಿ.

ಜಾಗ ಕಡಿಮೆ, ಪೆಟ್ಟಿಗೆ ಜಾಸ್ತಿ ಬೇಡ ಅನ್ನುವವರಿಗೆ ಒಳಗೇ ಆಂಪ್ ಇರುವ ಸ್ಪೀಕರ್ ಸಿಗುತ್ತದೆ. ಎಡಿಫೈಯರ್ ಕಂಪನಿಯದು ಸುಲಭವಾಗಿ ಸಿಗುವಂಥದ್ದು. ಪ್ಲೇಯರಿನ ಕೆಂಪು ಬಿಳಿ ವೈರ್ ನೇರ ಸ್ಪೀಕರಿಗೆ. ಚಿಕ್ಕಮ್ಮನ ಮನೆಯಲ್ಲಿ ಹೀಗೇ ಮಾಡಿದ್ದು, ಹಳೇ ಡಿವಿಡಿ ಪ್ಲೇಯರ್, ಇಂಥ ಒಂದು ಜೊತೆ ಸ್ಪೀಕರ್, ಮುಗಿಯಿತು. ನಿಜವಾಗಿ ಹೇಳುತ್ತೇನೆ, ಹತ್ತರಲ್ಲಿ ಏಳು ಮನೆಗೆ ಇಷ್ಟೇ ಸಾಕು ಅಂತ ನನ್ನ ಅಂದಾಜು.

ಆಂಪ್

ಒಳಗೆ ಆಂಪ್ ಇಲ್ಲದ ಸ್ಪೀಕರ್ ಕೊಂಡರೆ ಆಂಪ್ ಬೇರೆ ಬೇಕು. ಪೆಟ್ಟಿಗೆಯ ಮೇಲೆ ಪಿಎಂಪಿಒ 5000 ವಾಟ್ ಅಂತ ದೊಡ್ಡದಾಗಿ ಬರೆದಿದ್ದರೆ ಅದನ್ನು ಓದಲೇಬೇಡಿ, ಆ ಅಂಕಿಗೆ ಅರ್ಥ ಇಲ್ಲ. ಆರ್‌ಎಂಎಸ್ ವಾಟ್, ಅಂದರೆ ಆಂಪ್ ಬಿಡದೆ ಕೊಡಬಲ್ಲ ಪವರ್, ಎಷ್ಟು, ಎಷ್ಟು ಓಮ್‌ಗೆ, ಅದನ್ನು ಕೇಳಿ. 12 ಅಡಿ 14 ಅಡಿ ಕೋಣೆಗೆ ಒಂದೊಂದು ಕಡೆಗೆ 30ರಿಂದ 50 ವಾಟ್ ಧಾರಾಳ. ಮಾತಾಡಿದರೆ ಕೇಳಿಸುವಷ್ಟು ಸದ್ದಿನಲ್ಲಿ ಹಾಡು ಹಾಕಿದಾಗ ಆಂಪ್ ಕೊಡುತ್ತಿರುವುದು ಒಂದೋ ಎರಡೋ ವಾಟ್ ಮಾತ್ರ, ಉಳಿದದ್ದು ಮೃದಂಗದ ಏಟಿನಂಥ ಕ್ಷಣಗಳಿಗೆ. ನಮ್ಮ ದೇಶದಲ್ಲೇ ನಾರ್ಜ್ ಆಂಪ್ ಮಾಡುತ್ತದೆ, ಸೋನೋಡೈನ್ ಕೂಡ ನಮ್ಮದೇ ಹಳೇ ಕಂಪನಿ. ಹಳೇ ಆಂಪಿನ ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳು ಕೂತಿದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ.

ಎಫ್‌ಎಂ ರೇಡಿಯೋ ಒಳಗೇ ಇರುವ ಆಂಪ್, ಅಂದರೆ ರಿಸೀವರ್, ಸಿಕ್ಕರೆ ಅದನ್ನೇ ತಗೊಳ್ಳಿ. ನಮ್ಮ ಮನೆಯಲ್ಲಿ ಬೆಳಗ್ಗೆ 100.6ರಲ್ಲಿ ಮೈಸೂರು ಆಕಾಶವಾಣಿ, ಸಂಜೆ ಸಿಡಿ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಊರು ಇದು, ಆಕಾಶವಾಣಿ ಅನ್ನುವ ಹೆಸರು ಬೆಳೆದದ್ದೂ ಇಲ್ಲೇ. ಅದೇ ಸ್ಪೀಕರಿನಲ್ಲಿ ರೇಡಿಯೋ ಕೇಳುವಾಗ ನನಗೆ ಇದು ನೆನಪಾಗದ ದಿನ ಇಲ್ಲ.

ಆಂಪಿನ ಹಿಂದೆ ತುಂಬ ತೂತು ಇರುತ್ತವೆ. ಸಿಡಿ, ಆಕ್ಸ್, ಟೇಪ್ ಇನ್, ಈ ಮೂರರಲ್ಲಿ ಯಾವುದಕ್ಕಾದರೂ ಪ್ಲೇಯರ್ ಹಾಕಿ. ಫೋನೋ ಅಂತ ಬರೆದಿರುವುದಕ್ಕೆ ಮಾತ್ರ ಹಾಕಬೇಡಿ. ಅದು ಎಲ್‌ಪಿ ತಟ್ಟೆಯ ಸೂಜಿಯಿಂದ ಬರುವ ತೀರಾ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಹಾಕಿದರೆ ಕಿವಿ ಹರಿಯುವಂತೆ ಒಡೆದ ಸದ್ದು ಬರುತ್ತದೆ.

ಜೋಡಿಸುವುದು, ಇಡುವುದು

ಸ್ಪೀಕರ್ ವೈರಿಗೆ ದುಬಾರಿ ಹೆಸರು ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಕೇಳಿ ತನ್ನಿ, ಮನೆಯ ದೂರಕ್ಕೆ ಅದು ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎರಡೂ ಸ್ಪೀಕರಿಗೆ ಒಂದೇ ಥರ. ಒಂದರಲ್ಲಿ ಅದಲು ಬದಲಾದರೆ ಯಾವುದೂ ಸುಡುವುದಿಲ್ಲ, ಆದರೆ ತೊಪ್ಪಿಯ ಗಾತ್ರ ಹೋಗುತ್ತದೆ, ಹಾಡುಗಾರರು ಎಲ್ಲಿ ಕೂತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಪರೀಕ್ಷೆ ಮಾಡೋಕೆ ಹಳೇ ಮೋನೋ ರೆಕಾರ್ಡಿಂಗ್ ಹಾಕಿ. ಅದರಲ್ಲಿ ಎರಡೂ ಕಡೆ ಒಂದೇ ಧ್ವನಿ, ಆದ್ದರಿಂದ ಸರಿಯಾಗಿ ಜೋಡಿಸಿದ್ದರೆ ಹಾಡು ಎರಡು ಸ್ಪೀಕರಿನ ನಡುವಿನ ಖಾಲಿ ಜಾಗದಿಂದ ಬರುತ್ತದೆ. ನಾನು ಇದಕ್ಕೆ ಇಟ್ಟುಕೊಂಡಿರುವುದು ರಷ್ಯಾದ ಸಂಗೀತ ರಚನೆಕಾರ ನಿಕೋಲಾಯ್ ಮೆಟ್ನರ್ ಅವರೇ ನುಡಿಸಿದ ಪಿಯಾನೋ. 1940ರ ದಶಕದ ಕೊನೆಯಲ್ಲಿ ಆ ರೆಕಾರ್ಡಿಂಗ್‌ಗಳಿಗೆ ದುಡ್ಡು ಕೊಟ್ಟು ನಿಂತವರು ನಮ್ಮ ಜಯಚಾಮರಾಜ ಒಡೆಯರ್, ಅವು ಆಮೇಲೆ ಸಿಡಿಯಲ್ಲೂ ಬಂದವು. ವೈರ್ ಸರಿ ಮಾಡಿ ಕೂತಾಗ ಆ ಪಿಯಾನೋ ಗೋಡೆಯ ನಡುವಿನಿಂದ ಬಂತು, ಅಪ್ಪ ಎದ್ದು ಹೋಗಿ ಅಲ್ಲಿ ಇನ್ನೊಂದು ಸ್ಪೀಕರ್ ಇದೆಯಾ ಅಂತ ನೋಡಿದರು.

ಎರಡು ಸ್ಪೀಕರಿನ ನಡುವೆ ಆರು ಅಡಿ ಇದ್ದರೆ ನೀವು ಕೂರುವ ಜಾಗವೂ ಎರಡರಿಂದಲೂ ಆರೇಳು ಅಡಿ ಇರಲಿ. ಸ್ಪೀಕರಿನಲ್ಲಿ ಮೇಲುಸ್ವರ ಕೊಡುವ ಸಣ್ಣ ಟ್ವೀಟರ್ ನೀವು ಕೂತಾಗ ಕಿವಿಯ ಎತ್ತರಕ್ಕೆ ಬರಲಿ. ಶೋಕೇಸಿನ ಖಾನೆಯೊಳಗೆ ತುರುಕಬೇಡಿ, ಮೂಲೆಗೂ ಒತ್ತಬೇಡಿ, ಕೆಳಸ್ವರ ಊದಿಕೊಂಡು ಗುಂಯ್‌ಗುಡುತ್ತದೆ. ಗೋಡೆಯಿಂದ ಒಂದು ಅಡಿಯಾದರೂ ಮುಂದೆ ತನ್ನಿ.

ಮೈಸೂರಿನ ಹಳೇ ಮನೆಗಳಲ್ಲಿ ಇನ್ನೊಂದು ವಿಷಯ. ಎತ್ತರದ ಸೂರು, ರೆಡ್ ಆಕ್ಸೈಡ್ ನೆಲ, ಖಾಲಿ ಗೋಡೆ. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ, ಠಣ್ ಅಂತ ಬಾಲ ಎಳೆದರೆ ಎಂಥ ಸ್ಪೀಕರ್ ತಂದರೂ ಹಾಡು ಕಲಸಿಹೋಗುತ್ತದೆ. ಸ್ಪೀಕರಿಗೂ ನಿಮಗೂ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ, ಎದುರು ಗೋಡೆಗೆ ಪುಸ್ತಕದ ಬೀರು ಇಡಿ, ಆಮೇಲೆ ಮತ್ತೆ ಚಪ್ಪಾಳೆ ಹೊಡೆದು ನೋಡಿ. ಹೊಸ ಅಪಾರ್ಟ್‌ಮೆಂಟಿನ ಟೈಲ್ಸ್ ನೆಲಕ್ಕೂ ಇದೇ ಮಾತು. ಜಮಖಾನ ಹಾಸಿದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆ ಆಂಪ್ ಬದಲಾಯಿಸಿದಾಗಲೂ ಆಗಿರಲಿಲ್ಲ.

ಬ್ಲೂಟೂತ್ ಬಗ್ಗೆ ಕೇಳುತ್ತಾರೆ. ವೈರ್ ಎಳೆಯಲಾಗದ ಕಡೆ ಬಳಸಿ, ತಪ್ಪಿಲ್ಲ. ಆದರೆ ಕಳಿಸುವಾಗ ಅದು ಹಾಡನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಸಿಡಿಯಲ್ಲಿ ಇರುವುದೆಲ್ಲ ಬೇಕು ಅಂತ ಇಷ್ಟು ಕಷ್ಟಪಟ್ಟ ಮೇಲೆ ನೂರು ರೂಪಾಯಿಯ ವೈರ್ ಹಾಕುವುದು ಮೇಲು.

ಕರೆಂಟು, ಧೂಳು, ಗೀರು

ಮೂರು ಪಿನ್ನಿನ ಪ್ಲಗ್ ಇದ್ದರೆ ಅರ್ಥಿಂಗ್ ಇರುವ ಪಾಯಿಂಟಿಗೇ ಹಾಕಿ. ಆಂಪಿಗೆ ಕೇಬಲ್ ಟಿವಿಯ ಬಾಕ್ಸ್ ಸೇರಿಸಿದಾಗ ಗುಂಯ್ ಅನ್ನುವ ಸದ್ದು ಬಂದರೆ ಕೇಬಲ್ ವೈರ್ ಕಳಚಿ ನೋಡಿ, ನಿಂತುಹೋದರೆ ತೊಂದರೆ ಆ ಕಡೆಯದು. ಸದ್ದು ನಿಲ್ಲಿಸೋಕೆ ಅರ್ಥ್ ಪಿನ್ ಮುರಿಯುವ ಕೆಲಸ ಯಾರು ಹೇಳಿದರೂ ಮಾಡಬೇಡಿ, ಅದು ಪ್ರಾಣದ ವಿಷಯ. ಮಂಡ್ಯದ ಮನೆಯಲ್ಲಿ ಕರೆಂಟು ಹೋಗಿ ಇನ್ವರ್ಟರ್ ಬಂದಾಗಲೆಲ್ಲ ಸ್ಪೀಕರಿನಲ್ಲಿ ಜುಂಯ್ ಅನ್ನುತ್ತಿತ್ತು. ಅದು ಸ್ಕ್ವೇರ್ ವೇವ್ ಇನ್ವರ್ಟರ್, ಸೈನ್ ವೇವ್‌ನದು ಹಾಕಿದ ಮೇಲೆ ಹೋಯಿತು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು, ಸ್ಪೈಕ್ ಗಾರ್ಡ್ ಇದ್ದರೂ ಕೀಳಿ, ಕೇಬಲ್ ವೈರನ್ನೂ ಕೀಳಿ.

ಸಿಡಿ ಒರೆಸುವಾಗ ಗುಂಡಗೆ ತಿರುಗಿಸಿ ಒರೆಸಬೇಡಿ. ನಡುವಿನಿಂದ ಅಂಚಿಗೆ ನೇರ ಎಳೆಯಿರಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ. ಒರೆಸುವಾಗ ಗೀರು ಬಿದ್ದರೂ ಅಡ್ಡ ಬಿದ್ದ ಗೀರನ್ನು ಪ್ಲೇಯರ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ, ಹಾಡಿನ ಸಾಲಿನುದ್ದಕ್ಕೂ ಬಿದ್ದ ಗೀರು ಅದಕ್ಕೆ ಕಷ್ಟ. ಅಂಟು ಇದ್ದರೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಹಾಕಿ ತೊಳೆದು ಒರೆಸಿ. ಎಲ್ಲರೂ ಕೆಳಗಿನ ಹೊಳೆಯುವ ಮೈಯನ್ನು ಜೋಪಾನ ಮಾಡುತ್ತಾರೆ. ಆದರೆ ನಿಜವಾದ ಅಪಾಯ ಹೆಸರು ಅಚ್ಚಾಗಿರುವ ಮೇಲಿನ ಮೈಗೆ. ಅಲ್ಯುಮಿನಿಯಂ ಪದರ ಇರುವುದು ಅದರ ಕೆಳಗೇ, ತೆಳು ವಾರ್ನಿಷ್ ಅಷ್ಟೇ ರಕ್ಷಣೆ. ಅಲ್ಲಿ ಕೆರೆದರೆ ಹಾಡೇ ಹೋಯಿತು, ಯಾವ ರಿಪೇರಿಯೂ ಇಲ್ಲ. ಬಾಲ್ ಪೆನ್ನಿನಲ್ಲಿ ಹೆಸರು ಬರೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ಎರಡು ಸಿಡಿ ಇರುವ ಹಳೇ ದಪ್ಪ ಪೆಟ್ಟಿಗೆಗಳಲ್ಲಿ ಒಂದು ತುಂಡು ಸ್ಪಾಂಜ್ ಇಟ್ಟಿರುತ್ತಾರೆ, ಅದು ಕಾಲಕ್ಕೆ ಕರಗಿ ತಟ್ಟೆಗೆ ಅಂಟುತ್ತದೆ. ಕಂಡ ಕೂಡಲೇ ತೆಗೆದು ಎಸೆಯಿರಿ. ನಮ್ಮಲ್ಲಿ ಎರಡು ಸಿಡಿ ಹೀಗೇ ಹಾಳಾದವು, ಎರಡೂ ಈಗ ಎಲ್ಲೂ ಸಿಗುವುದಿಲ್ಲ.

ಆದ್ದರಿಂದ ಕಂಪ್ಯೂಟರಿಗೆ ಇಳಿಸಿಡುವ ಕೆಲಸವನ್ನೂ ಜೊತೆಯಲ್ಲೇ ಮಾಡಿ. ಯುಎಸ್‌ಬಿಗೆ ಹಾಕುವ ಡ್ರೈವ್ ಒಂದು ಸಾಕು. ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಉಚಿತ ಸಾಫ್ಟ್‌ವೇರ್ ತಪ್ಪು ಬಂದ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಎಂಪಿ3 ಬೇಡ, ಫ್ಲಾಕ್ (FLAC) ಅನ್ನುವ ಫೈಲ್ ರೂಪದಲ್ಲಿ ಇಳಿಸಿ, ಅದರಲ್ಲಿ ಏನೂ ಕಳೆದುಹೋಗುವುದಿಲ್ಲ. 74 ನಿಮಿಷದ ಸಿಡಿ ಹಾಗೇ ಇಟ್ಟರೆ ಸುಮಾರು 780 ಎಂಬಿ, ಫ್ಲಾಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ. 300 ಸಿಡಿ ಒಂದು ಸಣ್ಣ ಹಾರ್ಡ್ ಡಿಸ್ಕಿನಲ್ಲಿ ಕೂರುತ್ತದೆ. ದಿನಕ್ಕೆ ಎರಡರಂತೆ ಮಾಡುತ್ತಿದ್ದೇನೆ, ಅಪ್ಪ ಸಂಜೆ ಯಾವುದನ್ನು ಕೇಳಬೇಕು ಅಂತ ತೆಗೆದಿಡುತ್ತಾರೋ ಅದನ್ನೇ ಮಧ್ಯಾಹ್ನ ಮೊದಲು ಇಳಿಸಿ, ಒರೆಸಿ, ಟ್ರೇ ಪಕ್ಕದಲ್ಲಿ ಇಡುತ್ತೇನೆ.